ಮುಖವಿಲ್ಲದ ಪೊಲೀಸಪ್ಪನಿಗೆ ಬಣ್ಣ ಹಚ್ಚುತ್ತಾ...

ವೀಕೆಂಡ್ ಏನ್ ಮಾಡ್ತೀಯ ಅಂತ ಊರಿನ ಗೆಳೆಯರು ಕೇಳಿದರೆ "ಪೊಲೀಸರಿಗೆ ಬಣ್ಣ ಬಳೀತೀನಿ" ಅಂತೀನಿ. ತಮಾಷೆ ಅಂದುಕೊಂಡು ನಕ್ಕುಬಿಡುತ್ತಾರೆ. ತಮಾಷೆ ಅಲ್ಲ ಮಾರಾಯ್ರೆ, ನಿಜ!

ನಾನಿರುವುದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ. ಎಲ್ಲರಿಗೂ ಇದು ರಾಬಿನ್ ಹುಡ್‌ನ ಊರು. ಗೊಂಬೆ ಹುಚ್ಚಿನವರಿಗೆ ಮಾತ್ರ ಬೇರೆ ಕಾರಣಕ್ಕೆ ಪುಣ್ಯಕ್ಷೇತ್ರ. ಗೇಮ್ಸ್ ವರ್ಕ್‌ಶಾಪ್‌ನ ಮುಖ್ಯ ಕಚೇರಿ ಇಲ್ಲಿದೆ, ವಾರ್‌ಲಾರ್ಡ್ ಗೇಮ್ಸ್ ಕೂಡ ಇಲ್ಲೇ. ಸುತ್ತಮುತ್ತ ಇಂಥ ಕಂಪನಿಗಳು ಎಷ್ಟಿವೆ ಅಂದರೆ ಈ ಭಾಗಕ್ಕೆ 'ಲೆಡ್ ಬೆಲ್ಟ್' ಅಂತಲೇ ಅಡ್ಡಹೆಸರು. ಮೊದಲೆಲ್ಲ ಗೊಂಬೆಗಳನ್ನು ಸೀಸ ಬೆರೆಸಿದ ಲೋಹದಲ್ಲಿ ಎರಕ ಹೊಯ್ಯುತ್ತಿದ್ದರಲ್ಲ, ಅದಕ್ಕೆ. ಇಂಥ ಊರಿಗೆ ಬಂದು ಕೋಡ್ ಬರೆಯುವವನಿಗೆ ಈ ರೋಗ ಅಂಟದೇ ಇರುತ್ತದೆಯೇ?

ಗೊಂಬೆಯೆಂದರೆ ನಿಮ್ಮ ಹೆಬ್ಬೆರಳ ಮೇಲಿನ ಗೆಣ್ಣಿನಷ್ಟು. ಸುಮಾರು 28 ಮಿಲಿಮೀಟರ್. ದೊಡ್ಡ ಯುದ್ಧದ ಆಟಗಳಿಗೆ ಸೈನ್ಯಗಟ್ಟಲೆ ಬೇಕು, ನನಗೆ ಅಷ್ಟು ತಾಳ್ಮೆಯೂ ಇಲ್ಲ, ದುಡ್ಡೂ ಇಲ್ಲ. ಸ್ಕರ್ಮಿಶ್ ಆಟಗಳಿಗೆ ಒಂದೊಂದು ಕಡೆ ಐದಾರು ಗೊಂಬೆ ಇದ್ದರೆ ಸಾಕು. ಊಟದ ಮೇಜಿನ ಮೇಲೆ ರಟ್ಟಿನ ಡಬ್ಬಿಗಳಿಂದ ಎರಡು ಬೀದಿ ಮಾಡಿಕೊಂಡರೆ ಆಟ ಶುರು.

ನಾನು ಬಣ್ಣ ಹಚ್ಚುವುದು ಜಡ್ಜ್ ಡ್ರೆಡ್‌ನ ಲೋಕದ ಗೊಂಬೆಗಳಿಗೆ. '2000 ಎಡಿ' ಎಂಬ ಬ್ರಿಟಿಷ್ ಕಾಮಿಕ್ ಪತ್ರಿಕೆಯಲ್ಲಿ 1977ರಲ್ಲಿ ಬಂದ ಪಾತ್ರ. ಬರೆದದ್ದು ಜಾನ್ ವ್ಯಾಗ್ನರ್, ರೂಪ ಕೊಟ್ಟದ್ದು ಸ್ಪೇನ್‌ನ ಕಾರ್ಲೋಸ್ ಎಜ್‌ಕೆರಾ. ಮೆಗಾ-ಸಿಟಿ ಒನ್ ಎಂಬ ಭವಿಷ್ಯದ ಮಹಾನಗರದಲ್ಲಿ ಹಿಡಿಯುವವನೂ ಅವನೇ, ತೀರ್ಪು ಕೊಡುವವನೂ ಅವನೇ, ಗುಂಡು ಹೊಡೆಯುವವನೂ ಅವನೇ. ಮಾಮೂಲಿ ಬೀಟ್ ಪೊಲೀಸರು ಇವತ್ತಿಗೂ ಬಂದೂಕಿಲ್ಲದೆ ಓಡಾಡುವ ದೇಶದಲ್ಲಿ ಹುಟ್ಟಿದ ಕಲ್ಪನೆ ಇದು, ನೋಡಿ! ಎಜ್‌ಕೆರಾ ಬೆಳೆದದ್ದು ಮಾತ್ರ ಫ್ರಾಂಕೋನ ಸರ್ವಾಧಿಕಾರದ ಸ್ಪೇನ್‌ನಲ್ಲಿ. ಡ್ರೆಡ್‌ನ ಭುಜದ ಮೇಲೆ ಕೂತ ಆ ಹದ್ದು ಅಲ್ಲಿಂದಲೇ ಹಾರಿ ಬಂದದ್ದು. 2018ರಲ್ಲಿ ತೀರಿಕೊಂಡರು ಪುಣ್ಯಾತ್ಮ.

ಬಣ್ಣದ ವಿಷಯಕ್ಕೆ ಬರೋಣ. ಜಡ್ಜ್‌ಗಳ ಯೂನಿಫಾರ್ಮ್ ಕಪ್ಪು. ಹೊಸಬರು "ಕಪ್ಪು ತಾನೇ, ಸುಲಭ" ಅಂದುಕೊಳ್ಳುತ್ತಾರೆ. ಇದಕ್ಕಿಂತ ಕಷ್ಟದ ಬಣ್ಣ ಇನ್ನೊಂದಿಲ್ಲ. ಬರೀ ಕಪ್ಪು ಬಳಿದರೆ ಇದ್ದಿಲ ತುಂಡಿನ ಹಾಗೆ ಕಾಣುತ್ತದೆ, ಮಡಿಕೆಯೂ ಇಲ್ಲ, ಮಾಂಸಖಂಡವೂ ಇಲ್ಲ. ಆದ್ದರಿಂದ ಕಪ್ಪು ಪ್ರೈಮರ್ ಒಣಗಿದ ಮೇಲೆ ಕಡುನೀಲಿಗೆ ಬೂದಿ ಬೆರೆಸಿ, ಬಟ್ಟೆ ಉಬ್ಬಿದ ಕಡೆ ಮಾತ್ರ ಕೂದಲೆಳೆಯಷ್ಟು ಗೆರೆ ಎಳೆಯಬೇಕು. ಗೆರೆ ದಪ್ಪವಾಯಿತೋ, ಕಪ್ಪು ಹೋಗಿ ಬೂದುಬಣ್ಣದ ಮನುಷ್ಯನಾಗುತ್ತಾನೆ. ಹದ್ದಿನ ಹಳದಿ ಇನ್ನೊಂದು ತಲೆನೋವು. ಕಪ್ಪಿನ ಮೇಲೆ ಹಳದಿ ಕೂರುವುದೇ ಇಲ್ಲ. ಮೊದಲು ಕಂದು, ಆಮೇಲೆ ನೀರು ಮಾಡಿದ ಹಳದಿಯನ್ನು ಎರಡು ಮೂರು ಸಲ. ಹಸಿರು ಬೂಟು, ಹಸಿರು ಕೈಗವಸು ಮಕ್ಕಳಾಟ.

ಎಲ್ಲ ಮುಗಿದ ಮೇಲೆ ಹೆಲ್ಮೆಟ್. ಬೇರೆ ಗೊಂಬೆಗಳಲ್ಲಿ ಪ್ರಾಣ ಹೋಗುವುದು ಕಣ್ಣು ಬರೆಯುವಾಗ. ಉಸಿರು ಬಿಗಿಹಿಡಿದು ಚುಕ್ಕೆ ಇಡಬೇಕು. ಜಡ್ಜ್‌ಗೆ ಕಣ್ಣೇ ಇಲ್ಲ. ಕಪ್ಪು ಗಾಜು, ಅದರ ಮೇಲೆ ಒಂದು ಹನಿ ಗ್ಲಾಸ್ ವಾರ್ನಿಶ್, ಕೆಳಗೆ ಸಿಡುಕು ಗದ್ದ. ಕಾಮಿಕ್ಸ್‌ನಲ್ಲಿ ಇಷ್ಟು ವರ್ಷವಾದರೂ ಡ್ರೆಡ್‌ನ ಪೂರ್ತಿ ಮುಖ ತೋರಿಸಿಲ್ಲ. 1995ರ ಸಿನಿಮಾದಲ್ಲಿ ಸ್ಟಲೋನ್ ಹೆಲ್ಮೆಟ್ ತೆಗೆದದ್ದನ್ನು ಅಭಿಮಾನಿಗಳು ಇನ್ನೂ ಕ್ಷಮಿಸಿಲ್ಲ. 2012ರಲ್ಲಿ ಕಾರ್ಲ್ ಅರ್ಬನ್ ಕೊನೆವರೆಗೂ ತೆಗೆಯಲಿಲ್ಲ, ಬಚಾವಾದ.

ನನಗೆ ಈ ಹೆಲ್ಮೆಟ್ ಹತ್ತಿರ ಬಂದಾಗ ಬ್ರಶ್ ನಿಧಾನವಾಗುತ್ತದೆ. ಕಾರಣ ಇದೆ. ನಮ್ಮಪ್ಪ ಶಿವಮೊಗ್ಗದಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾದವರು. ಗಣಪತಿ ಮೆರವಣಿಗೆಯ ಬಂದೋಬಸ್ತ್ ಅಂದರೆ ಎರಡು ದಿನ ಮನೆಗೇ ಬರುತ್ತಿರಲಿಲ್ಲ. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಅಮ್ಮ ನನ್ನನ್ನು ಬಸ್‌ಸ್ಟ್ಯಾಂಡ್ ಹತ್ತಿರ ಎತ್ತಿಕೊಂಡು "ಅಲ್ನೋಡು ಅಪ್ಪ" ಅಂದಳು. ನೋಡಿದರೆ ಮೂವತ್ತು ಹೆಲ್ಮೆಟ್, ಮೂವತ್ತು ಲಾಠಿ, ಮೂವತ್ತು ಬೆತ್ತದ ಗುರಾಣಿ. ಒಬ್ಬರಿಗೂ ಮುಖವಿಲ್ಲ. ಜೋರಾಗಿ ಅತ್ತುಬಿಟ್ಟೆನಂತೆ. ಸ್ವಲ್ಪ ಹೊತ್ತಿನ ಮೇಲೆ ಒಬ್ಬ ಎಡಗಾಲಿನ ಮೇಲೆ ಭಾರ ಹಾಕಿ, ಬಲ ಮಂಡಿ ಸಡಿಲ ಬಿಟ್ಟು ನಿಂತದ್ದು ಕಂಡಿತು. ಅಡುಗೆಮನೆ ಬಾಗಿಲಲ್ಲಿ ಕಾಫಿ ಕುಡಿಯುವಾಗ ಅಪ್ಪ ನಿಲ್ಲುವುದು ಹಾಗೇ. ಅದು ಮಾತ್ರ ನನಗೆ ಸ್ಪಷ್ಟವಾಗಿ ನೆನಪಿದೆ.

ಹಾಗಾಗಿ ಗೊಂಬೆ ಕೊಳ್ಳುವಾಗ ನಾನು ಮೊದಲು ನೋಡುವುದು ಕಾಲು! ಕ್ಲಬ್ಬಿನ ಹುಡುಗರು ಬಂದೂಕು ನೋಡುತ್ತಾರೆ, ನಾನು ಮಂಡಿ ನೋಡುತ್ತೇನೆ. ಬೂಟಿಗೆ ಕೆಸರು ಹಚ್ಚದೆ ಬಿಡುವುದಿಲ್ಲ. ಇಡೀ ದಿನ ನಿಂತವನ ಬೂಟು ಫಳಫಳ ಅನ್ನುತ್ತದೆಯೇ? ಆದರೆ ಇವರನ್ನು ಹೀರೋಗಳಂತೆ ಮಿಂಚಿಸಲು ನನಗೆ ಮನಸ್ಸು ಬರುವುದಿಲ್ಲ. 1990ರ 'ಅಮೆರಿಕಾ' ಎಂಬ ಡ್ರೆಡ್ ಕಥೆಯಲ್ಲಿ ಪ್ರಜಾಪ್ರಭುತ್ವಕ್ಕಾಗಿ ಹೋರಾಟಕ್ಕಿಳಿದ ಹುಡುಗಿ ಜಡ್ಜ್‌ಗಳ ಗುಂಡಿಗೇ ಬಲಿಯಾಗುತ್ತಾಳೆ. ಅದನ್ನು ಓದಿದ ಮೇಲೆ, ಆಟದಲ್ಲಿ ಲೆಕ್ಕಕ್ಕೇ ಇಲ್ಲದ ದಾರಿಹೋಕರ ಗೊಂಬೆಗಳಿಗೆ ಹೆಚ್ಚು ಹೊತ್ತು ಕೊಡುತ್ತಿದ್ದೇನೆ. ಅವರಿಗೆ ಕಣ್ಣಿವೆ, ಬರೆಯುತ್ತೇನೆ.

ಹೋದ ತಿಂಗಳು ವಿಡಿಯೋ ಕಾಲ್‌ನಲ್ಲಿ ಅಪ್ಪನಿಗೆ ಒಬ್ಬ ಜಡ್ಜ್‌ನನ್ನು ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದರು.

"ಎದೆ ಮೇಲೆ ಏನೋ ಅದು?"

"ಬ್ಯಾಡ್ಜ್ ಅಪ್ಪಾ. ಅದರಲ್ಲಿ ಅವನ ಹೆಸರಿರುತ್ತೆ."

"ಹೆಸರಿದೆಯಲ್ಲ, ಹಂಗಾರೆ ಪರವಾಗಿಲ್ಲ. ಕಂಪ್ಲೇಂಟ್ ಕೊಡಬಹುದು."

"ಯಾರಿಗೆ ಕೊಡ್ತೀಯ? ಜಡ್ಜೂ ಅವನೇ."

ಅಪ್ಪ ಸುಮ್ಮನಾದರು. ಆಮೇಲೆ "ಮತ್ತೆ ಇವನಿಗೆ ರಾತ್ರಿ ನಿದ್ದೆ ಹೆಂಗೆ ಬರುತ್ತೋ" ಅಂದರು. ಅಪ್ಪನ ಸರ್ವೀಸ್‌ನ ಎಷ್ಟೋ ರಾತ್ರಿಗಳ ಬಗ್ಗೆ ನಾನು ಯಾವತ್ತೂ ಕೇಳಿಲ್ಲ. ಆಗಲೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಈಗ ಮೇಜಿನ ಮೇಲೆ ಹೊಸ ಕೆಲಸವೊಂದಿದೆ. 2025ರಲ್ಲಿ ಕರ್ನಾಟಕದ ಕಾನ್‌ಸ್ಟೇಬಲ್‌ಗಳಿಗೆ ನೀಲಿ ಪೀಕ್ ಕ್ಯಾಪ್ ಬಂತಲ್ಲ, ಆ ಹಳೇ ಸ್ಲೌಚ್ ಹ್ಯಾಟ್ ಹೋಯಿತು. ಅಪ್ಪ ಸರ್ವೀಸ್ ಪೂರ್ತಿ ಹಾಕಿದ್ದು ಅದನ್ನೇ. ಒಬ್ಬ ದಾರಿಹೋಕನ ತಲೆಯ ಮೇಲೆ ಪುಟ್ಟಿಯಲ್ಲಿ ಹ್ಯಾಟ್ ತಟ್ಟಿ, ಒಂದು ಬದಿ ಮಡಚಿ, ಖಾಕಿ ಹಚ್ಚುತ್ತಿದ್ದೇನೆ. ಫೋಟೋ ಕಳಿಸಿದೆ. ಐದೇ ನಿಮಿಷದಲ್ಲಿ ಅಪ್ಪನ ವಾಯ್ಸ್ ಮೆಸೇಜು: "ಟೋಪಿ ಅಷ್ಟು ಅಗಲ ಇರಲ್ಲ ಕಣೋ. ಬೆಲ್ಟು ಇನ್ನೊಂಚೂರು ಮೇಲೆ. ಕಾಲು ಸರಿಯಾಗಿದೆ."