ಹಸುಗಳು ಮೇಯುವ ಬ್ಯಾಂಕು

ಬ್ಯಾಂಕಿನ ಒಳಗೆ ಹಸುಗಳ ಹಿಂಡು! ಕಾಲಿಟ್ಟವರ ಕಣ್ಣಿಗೆ ಗೋಡೆಯ ಮೇಲೆ ಮೊದಲು ಬೀಳುವುದು ಅದೇ. ಇನ್ನೊಂದು ಗೋಡೆಯ ಮೇಲೆ ಸುಗ್ಗಿಯ ಚಿತ್ರ. ಅಮೆರಿಕದ ಮಿನ್ನೆಸೋಟ ರಾಜ್ಯದ ಓವಾಟೊನ್ನ ಎಂಬ ಪಟ್ಟಣದ ಈ ಕಟ್ಟಡದ ಹೆಸರೇ ನ್ಯಾಷನಲ್ ಫಾರ್ಮರ್ಸ್ ಬ್ಯಾಂಕ್. ರೈತರ ಬ್ಯಾಂಕಿಗೆ ರೈತರ ಬದುಕೇ ಅಲಂಕಾರ.

ಆ ಕಾಲದಲ್ಲಿ ಅಲ್ಲಿನ ಬ್ಯಾಂಕುಗಳೆಲ್ಲ ಗ್ರೀಕ್ ದೇವಾಲಯಗಳಂತೆ ಸಾಲುಕಂಬಗಳನ್ನು ಹೊತ್ತು ನಿಲ್ಲುತ್ತಿದ್ದವು. ಮನೆತನದ ಬ್ಯಾಂಕು ನೋಡಿಕೊಳ್ಳುತ್ತಿದ್ದ ಕಾರ್ಲ್ ಬೆನೆಟ್‌ಗೆ ಅದು ಒಗ್ಗಲಿಲ್ಲ. ಅಂಥ ಕಟ್ಟಡಕ್ಕೂ ಹೊಲದಿಂದ ಬರುವ ರೈತನಿಗೂ ಏನು ಸಂಬಂಧ? ಪತ್ರಿಕೆಯೊಂದರಲ್ಲಿ ಲೂಯಿ ಸಲಿವನ್‌ನ ಲೇಖನ ಓದಿದ ಆತ, ಆ ವಾಸ್ತುಶಿಲ್ಪಿಯನ್ನೇ ಕರೆಸಿದ. ಗಗನಚುಂಬಿಗಳನ್ನು ಕಟ್ಟಿ, 'ಉಪಯೋಗವೇ ರೂಪವನ್ನು ನಿರ್ಧರಿಸುತ್ತದೆ' ಎಂದು 1896ರಲ್ಲಿ ಸಾರಿದ್ದ ಸಲಿವನ್‌ನ ಕೈಯಲ್ಲಿ ಆಗ ಕೆಲಸವೇ ಕಡಿಮೆ. ಮಹಾನಗರ ಮರೆತವನನ್ನು ಪುಟ್ಟ ಪೇಟೆ ನೆನೆಯಿತು.

1908ರಲ್ಲಿ ಕಟ್ಟಡ ಮುಗಿಯಿತು. ಕೆಳಗೆ ಕೆಂಗಲ್ಲು, ಮೇಲೆ ಇಟ್ಟಿಗೆ. ನಡುವೆ ಸುಟ್ಟ ಜೇಡಿಮಣ್ಣಿನ ಹಸಿರು ಪಟ್ಟಿಗಳು. ಬೀದಿಗೆ ಮುಖಮಾಡಿದ ಎರಡು ಬದಿಗೂ ಒಂದೊಂದು ಭಾರಿ ಕಮಾನು. ಅದರ ಬಣ್ಣದ ಗಾಜಿನಿಂದ ಇಳಿಯುವ ಬೆಳಕು ಒಳಗೆಲ್ಲ ತಿಳಿಹಸಿರು. ಎಲೆ, ಬಳ್ಳಿ, ಮೊಗ್ಗುಗಳ ಅಲಂಕಾರವನ್ನು ಹೆಚ್ಚಾಗಿ ರೂಪಿಸಿದವನು ಸಹಾಯಕ ಜಾರ್ಜ್ ಎಲ್ಮ್‌ಸ್ಲಿ. ನಾಲ್ಕು ತೂಗುದೀಪಗಳಲ್ಲಿ ಒಂದೊಂದರ ತೂಕ ಸುಮಾರು 2 ಟನ್! ರೈತರು ಕೂತು ಮಾತಾಡಲು ಒಂದು ಕೋಣೆ, ಹೆಂಗಸರಿಗೆ ಮತ್ತೊಂದು ಕೋಣೆಯೂ ಇದ್ದವು. ಸಂತೆಗೆ ಬಂದವರು ಸಂಕೋಚವಿಲ್ಲದೆ ಒಳಗೆ ಬರಲಿ ಎಂಬುದೇ ಉದ್ದೇಶ.

ಆದರೆ ಕಟ್ಟಿಸಿದವನಿಗೂ ಕಟ್ಟಿದವನಿಗೂ ಕಾಲ ಕೈಕೊಟ್ಟಿತು. ಸಲಿವನ್ ಸಣ್ಣ ಪಟ್ಟಣಗಳಲ್ಲಿ ಇಂಥ ಇನ್ನೂ ಕೆಲವು ಕಟ್ಟಡಗಳನ್ನು ಕಟ್ಟಿದರೂ 1924ರಲ್ಲಿ ಷಿಕಾಗೊದ ಹೋಟೆಲ್ ಕೋಣೆಯೊಂದರಲ್ಲಿ ಬಡವನಾಗಿ ಕಣ್ಣುಮುಚ್ಚಿದ. ಮೊದಲ ಮಹಾಯುದ್ಧದ ನಂತರ ಧಾನ್ಯದ ಬೆಲೆ ಕುಸಿದು ಸಾಲ ಮರಳದೆ ಹೋದಾಗ, 1926ರಲ್ಲಿ ರೈತರ ಬ್ಯಾಂಕೂ ಬಾಗಿಲು ಹಾಕಿತು. ರೈತ ಸೋತರೆ ಅವನನ್ನು ನಂಬಿದ ಬ್ಯಾಂಕು ಉಳಿದೀತೆ?

ಕಟ್ಟಡ ಮಾತ್ರ ಉಳಿಯಿತು. ಬೇರೆ ಬ್ಯಾಂಕುಗಳ ಕೈಸೇರಿತು. 1940ರ ಸುಮಾರಿಗೆ 'ಆಧುನಿಕ'ಗೊಳಿಸುವ ಭರದಲ್ಲಿ ಒಳಗಿನ ಮೂಲ ಕೌಂಟರುಗಳು ಹೋದವು. ಕಳೆದುಕೊಂಡದ್ದರ ಬೆಲೆ ಆಮೇಲೆ ತಿಳಿಯಿತು. 1950ರ ದಶಕದ ಕೊನೆಯಲ್ಲಿ ಹಳೆಯ ಭಾಗಗಳಿಗೆ ಗೌರವ ಕೊಟ್ಟು ದುರಸ್ತಿ ನಡೆಯಿತು. 1976ರಲ್ಲಿ ರಾಷ್ಟ್ರೀಯ ಸ್ಮಾರಕದ ಮನ್ನಣೆ. 1981ರಲ್ಲಿ 18 ಸೆಂಟಿನ ಅಂಚೆಚೀಟಿಯ ಮೇಲೂ ಚಿತ್ರ.

ವಾಸ್ತುಶಿಲ್ಪದ ವಿದ್ಯಾರ್ಥಿಗಳು ಈ ಪಟ್ಟಣವನ್ನು ಹುಡುಕಿಕೊಂಡು ಬರುವುದು ಇದಕ್ಕಾಗಿಯೇ. ಇಲ್ಲಿ ಯಾವ ರಾಜನ ಅರಮನೆಯೂ ಇಲ್ಲ, ಯುದ್ಧದ ನೆನಪೂ ಇಲ್ಲ. ಪಾಸ್‌ಬುಕ್ ಹಿಡಿದು ಬರುವ ರೈತನೂ ಚಂದದ ಜಾಗಕ್ಕೆ ಅರ್ಹ ಎಂದು ನಂಬಿದ ಒಂದು ಪೇಟೆ ಕಟ್ಟಡ, ಅಷ್ಟೆ. ನಮ್ಮೂರಿನ ಪೇಟೆಬೀದಿಯಲ್ಲೂ ಹಳೆಯ ಮಳಿಗೆಗಳಿವೆ. ಮಕ್ಕಳೊಡನೆ ಸಾಮಾನು ತರಲು ಹೋದಾಗ ಒಮ್ಮೆ ತಲೆಯೆತ್ತಿ ನೋಡಿ. ನಾಮಫಲಕದ ಹಿಂದೆ ಯಾವ ಕಮಾನು ಅಡಗಿದೆಯೋ!