ಸರಾಸರಿ ಮಗು ಯಾರ ಮನೆಯಲ್ಲಿದೆ?

ಬಾಗಿಲ ಚೌಕಟ್ಟಿಗೆ ಮಕ್ಕಳನ್ನು ನಿಲ್ಲಿಸಿ ಪೆನ್ಸಿಲ್ ಗೆರೆ ಎಳೆಯೋ ಅಭ್ಯಾಸ ನಿಮ್ಮ ಮನೆಯಲ್ಲೂ ಇರಬಹುದು. ಫ್ರಾನ್ಸಿನ ಮಾಂಟ್‌ಬೆಯಾರ್ ಎಂಬಾತ 1759ರಲ್ಲಿ ಹುಟ್ಟಿದ ತನ್ನ ಮಗನನ್ನು 1777ರ ತನಕ, ಸುಮಾರು ಆರು ತಿಂಗಳಿಗೊಮ್ಮೆ ಅಳೆದ. ಹದಿನೆಂಟು ವರ್ಷ! ಆ ಒಬ್ಬ ಹುಡುಗನ ಲೆಕ್ಕವನ್ನು ಬೆಳವಣಿಗೆಯ ಪುಸ್ತಕಗಳು ಇವತ್ತಿಗೂ ತೋರಿಸುತ್ತವೆ.

ಹೀಗೆ ಒಬ್ಬರನ್ನೇ ಮತ್ತೆ ಮತ್ತೆ ಅಳೆದರೆ ಸಂಖ್ಯಾಶಾಸ್ತ್ರದಲ್ಲಿ ಒಂದು ತೊಡಕು. ಪಾಟ್‌ಹಾಫ್ ಮತ್ತು ರಾಯ್ 1964ರಲ್ಲಿ ಬಳಸಿದ ಉದಾಹರಣೆ ನೋಡಿ. 16 ಹುಡುಗರು, 11 ಹುಡುಗಿಯರು. 8, 10, 12, 14ನೇ ವಯಸ್ಸಿನಲ್ಲಿ ತಲೆಬುರುಡೆಯ ಒಂದು ಅಂತರದ ಅಳತೆ. ಒಟ್ಟು 108 ಅಂಕಿ, ಆದರೆ ಮಕ್ಕಳು 27 ಮಾತ್ರ. ಒಂದೇ ಮಗುವಿನ ನಾಲ್ಕು ಅಂಕಿಗಳು ಒಂದಕ್ಕೊಂದು ನೆಂಟರು. ಅವನ್ನು ಅಪರಿಚಿತರು ಅಂದುಕೊಂಡು ಹುಡುಗ ಹುಡುಗಿಯರನ್ನು ಹೋಲಿಸಿದರೆ, ಉತ್ತರದ ಮೇಲೆ ಇರಬೇಕಾದ್ದಕ್ಕಿಂತ ಹೆಚ್ಚು ಭರವಸೆ ಬಂದುಬಿಡುತ್ತೆ.

ಇನ್ನು ಸರಾಸರಿ... ಹರೆಯದಲ್ಲಿ ಮಕ್ಕಳು ದಿಢೀರನೆ ಎತ್ತರವಾಗ್ತಾರೆ. ಆದರೆ ಒಬ್ಬಳು ಹನ್ನೊಂದಕ್ಕೆ, ಇನ್ನೊಬ್ಬಳು ಹದಿಮೂರಕ್ಕೆ. ಎಲ್ಲರದ್ದೂ ಸೇರಿಸಿ ವಯಸ್ಸಿಗೊಂದು ಸರಾಸರಿ ತೆಗೆದರೆ ಆ ಜಿಗಿತ ಚಪ್ಪಟೆ. ಯಾವ ಮಗುವೂ ಬೆಳೆಯದ ರೀತಿಯಲ್ಲಿ ಬೆಳೆಯೋ ಒಂದು ಮಗು ಸಿಗುತ್ತೆ, ಅಷ್ಟೇ.

1982ರಲ್ಲಿ ಹಾರ್ವರ್ಡ್‌ನ ನ್ಯಾನ್ ಲೇರ್ಡ್ ಮತ್ತು ಜೇಮ್ಸ್ ವೇರ್ ಬರೆದ ಲೇಖನದಿಂದ ಜನಪ್ರಿಯವಾದ ವಿಧಾನ ನನಗಿಷ್ಟ. ಗುಂಪಿಗೊಂದು ಗೆರೆ, ಪ್ರತಿಯೊಬ್ಬರಿಗೂ ಅದರಿಂದ ಅಷ್ಟಿಷ್ಟು ಸರಿದ ಸ್ವಂತ ಗೆರೆ. ಅಳತೆ ಕಡಿಮೆ ಇದ್ದವರ ಗೆರೆ ಗುಂಪಿನ ಕಡೆ ವಾಲುತ್ತೆ, ಹೆಚ್ಚಿದ್ದರೆ ಅವರದೇ ಮಾತು ನಡೆಯುತ್ತೆ. ನಡುವೆ ಒಂದೆರಡು ಸಲ ತಪ್ಪಿಸಿಕೊಂಡವರನ್ನೂ ಲೆಕ್ಕದಿಂದ ಹೊರಗೆ ಹಾಕಬೇಕಿಲ್ಲ.

ಇದೆಲ್ಲ ಯಾಕೆ ಹೇಳ್ತಿದೀನಿ ಅಂದ್ರೆ, ನನ್ನ ಮಗಳಿಗೀಗ ಹನ್ನೆರಡು. ಕ್ಲಾಸಿನಲ್ಲಿ ಎಲ್ಲರಿಗಿಂತ ಗಿಡ್ಡ. ಯಾವ ಮದುವೆಮನೆಗೆ ಹೋದರೂ "ಇವಳು ಬೆಳೀತಾನೇ ಇಲ್ವಲ್ಲ" ಅನ್ನೋರು ಒಬ್ಬರಾದರೂ ಸಿಗ್ತಾರೆ. ಅಲ್ಲಿ ನಗ್ತಾಳೆ, ಮನೆಗೆ ಬಂದ ಮೇಲೆ ಮಾತಿಲ್ಲ.

ಡಾಕ್ಟರು ಅವತ್ತಿನ ಎತ್ತರಕ್ಕಿಂತ ಹಳೇ ಫೈಲನ್ನೇ ಹೆಚ್ಚು ಹೊತ್ತು ನೋಡಿದರು. ಐದು ವರ್ಷದ ಚುಕ್ಕೆಗಳನ್ನು ಸೇರಿಸಿ, "ಇವಳ ಗೆರೆ ಕೆಳಗಿದೆ, ಆದರೆ ಕೆಳಗೆ ಜಾರಿಲ್ಲ. ಜಾರಿದ್ದರೆ ಯೋಚನೆ ಮಾಡಬೇಕಿತ್ತು" ಅಂದರು. ಮಗಳು ಆ ಗೆರೆಯನ್ನು ಬೆರಳಲ್ಲಿ ಸವರಿ ನೋಡಿದಳು.

ಒಂದು ದಿನದ ಎತ್ತರದಿಂದ ಅವಳನ್ನು ಪಕ್ಕದವಳ ಜೊತೆ ಹೋಲಿಸಬಹುದು, ಅಷ್ಟೇ. ಅವಳ ಜೊತೆಗೇ ಹೋಲಿಸೋಕೆ ಹಳೇ ಅಳತೆ ಬೇಕು. ನಿಮ್ಮ ಮಕ್ಕಳ ಲಸಿಕೆ ಕಾರ್ಡು, ತೂಕದ ಚೀಟಿ ಎಲ್ಲಾದರೂ ಇದ್ದರೆ ದಯವಿಟ್ಟು ಎಸೀಬೇಡಿ :-)