ಕಾಕಾ ಕಳಿಸಿದ ಪುಡಿ ಡಬ್ಬಿಯ ಫೋಟೊ

ಕಳೆದ ವಾರ ಶಹಾಪುರ ಹತ್ತಿರದ ನಮ್ಮೂರಿನಿಂದ ಕಾಕಾ ಫೋನ್ ಮಾಡಿದ್ದರು. ವಾಟ್ಸಾಪ್‌ನಲ್ಲಿ ಅವರಿಗೆ ಒಂದು ಪುಡಿ ಡಬ್ಬಿಯ ಫೋಟೊ ಬಂದಿತ್ತು. ಅದರಲ್ಲಿ ಪೆಪ್ಟೈಡ್ ಇದೆಯಂತೆ, ರಕ್ತ ಸಿಗದ ಹೃದಯವನ್ನೂ ಕಾಪಾಡುತ್ತದಂತೆ. “ನೀ ಪತ್ರಿಕೋದ್ಯಮ ಓದಿದಾಂವ. ಇದು ಖರೇ ಏನ್ ನೋಡಿ ಹೇಳು” ಅಂದರು.

ಅವರು ಸುಮ್ಮನೆ ಕೇಳಿದ್ದಲ್ಲ. ಎರಡು ವರ್ಷದ ಹಿಂದೆ ಒಂದು ನಸುಕಿನಲ್ಲಿ ಕಾಕಾಗೆ ಎದೆ ಬಿಗಿಹಿಡಿಯಿತು. “ಏನಿಲ್ಲ, ಗ್ಯಾಸ್ ಆಗ್ಯದ” ಅಂದರು. ಚಿಕ್ಕವ್ವ ಜೀರಿಗೆ ಹಾಕಿ ಮಜ್ಜಿಗೆ ಕೊಟ್ಟಳು. ಅಂಗಡಿಗೆ ಓಡಿ ಸೋಡಾ ತಂದವನು ನಾನು. ಮೈಯೆಲ್ಲ ಬೆವೆತು, ನೋವು ಎಡಗೈಗೆ ಇಳಿದ ಮೇಲೆ ಗಾಡಿ ಹುಡುಕಿದೆವು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ನಾಲ್ಕು ತಾಸು ಕಳೆದಿತ್ತು. ಜೀವ ಉಳಿಯಿತು. ಆದರೆ ಹೃದಯದ ಒಂದು ಭಾಗದ ಸ್ನಾಯು ಸತ್ತಿದೆ ಎಂದರು ಡಾಕ್ಟರು. ಈಗ ಹೊಲದ ಒಡ್ಡು ಏರಿದರೂ ಕಾಕಾ ಕೂತು ದಣಿವಾರಿಸಿಕೊಳ್ಳುತ್ತಾರೆ.

ಹೀಗಾಗಿ ಓದಲು ಕೂತೆ. ಪೆಪ್ಟೈಡ್ ಎಂದರೆ ಪ್ರೋಟೀನಿನ ಸಣ್ಣ ತುಂಡು. ತೊಗರಿ ಬೇಳೆ, ಶೇಂಗಾ, ತತ್ತಿ ತಿಂದಾಗ ನಮ್ಮ ಹೊಟ್ಟೆಯಲ್ಲೇ ಅದು ಆಗುತ್ತದೆ. ಹಾಲು ಹುಳಿಯಾಗುವಾಗ ಬ್ಯಾಕ್ಟೀರಿಯಾಗಳೂ ಇದೇ ಕೆಲಸ ಮಾಡುತ್ತವೆ. 1995ರಲ್ಲಿ ಜಪಾನಿನ ವಿಜ್ಞಾನಿಗಳು ಹುಳಿ ಹಾಲಿನಲ್ಲಿ ಎರಡು ಪೆಪ್ಟೈಡ್ ಗುರುತಿಸಿದರು. ಬಿಪಿ ಏರಿಸುವ ಒಂದು ಕಿಣ್ವವನ್ನು ಅವು ತಡೆಯುತ್ತವೆ. ಅದೇ ಕಿಣ್ವವನ್ನು ತಡೆಯುವ ಕ್ಯಾಪ್ಟೋಪ್ರಿಲ್ ಮಾತ್ರೆಯ ದಾರಿ ಸಿಕ್ಕಿದ್ದು ಬ್ರೆಜಿಲ್ ದೇಶದ ಒಂದು ಹಾವಿನ ವಿಷದಲ್ಲಿದ್ದ ಪೆಪ್ಟೈಡ್‌ನಿಂದ. ಅಂದರೆ ಪೆಪ್ಟೈಡ್ ಮಾತು ಪೂರ್ತಿ ಸುಳ್ಳಲ್ಲ.

ಇನ್ನು ರಕ್ತ ಸಿಗದ ಹೃದಯದ ವಿಷಯ. ನಾರಾಯಣಪುರ ಕಾಲುವೆಯ ಕೊನೆಯ ಹೊಲ ನೆನೆಸಿಕೊಳ್ಳಿ. ನೀರು ಬರದೆ ಬೆಳೆ ಒಣಗುತ್ತದೆ. ಬಾಡಿದ ಬೆಳೆಗೆ ಒಮ್ಮೆಲೇ ನೀರು ನುಗ್ಗಿದರೂ ಒಂದಿಷ್ಟು ಹಾಳಾಗುತ್ತದೆ. ಹೃದಯದ್ದೂ ಅದೇ ಕತೆ: ರಕ್ತ ನಿಂತಾಗ ಒಂದು ಪೆಟ್ಟು, ಮತ್ತೆ ಹರಿದಾಗ ಇನ್ನೊಂದು ಪೆಟ್ಟು. ಪ್ರಯೋಗಾಲಯದಲ್ಲಿ ಇಲಿಗಳ ಹೃದಯಕ್ಕೆ ಆಹಾರದಿಂದ ತೆಗೆದ ಕೆಲವು ಪೆಪ್ಟೈಡ್ ಕೊಟ್ಟಾಗ ಈ ಹಾನಿ ಕಡಿಮೆಯಾದದ್ದು ಕಂಡಿದೆ. ಆದರೆ ಅದು ಇಲಿ, ಅದು ಅಳೆದು ಕೊಟ್ಟ ಡೋಸು. ನಾವು ಬಾಯಿಂದ ತಿಂದ ಪೆಪ್ಟೈಡ್ ಬಹುಪಾಲು ಹೊಟ್ಟೆಯಲ್ಲಿ ಇನ್ನೂ ಚೂರಾಗಿಬಿಡುತ್ತದೆ. ಮುಖ್ಯವಾಗಿ, ರಕ್ತನಾಳದಲ್ಲಿ ಸಿಕ್ಕಿಕೊಂಡ ಹೆಪ್ಪನ್ನು ಯಾವ ಪುಡಿಯೂ ಕರಗಿಸುವುದಿಲ್ಲ.

ಅದನ್ನು ಕರಗಿಸಲು ಇಂಜೆಕ್ಷನ್ ಇದೆ. ನಟ ಪುನೀತ್ ರಾಜಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡ ಮೇಲೆ, ರಾಜ್ಯ ಸರ್ಕಾರ ಅವರ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆ ತಂದಿತು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ಹೃದಯ ತಜ್ಞರಿಗೆ ಕಳಿಸುತ್ತಾರೆ. ಅವರು ಹೇಳಿದರೆ ಸಾವಿರಾರು ರೂಪಾಯಿ ಬೆಲೆಯ ಆ ಇಂಜೆಕ್ಷನ್ ಪುಕ್ಕಟೆ ಕೊಡುತ್ತಾರೆ. ಆಮೇಲೆ ಕಲಬುರಗಿಯ ಜಯದೇವದಂಥ ಆಸ್ಪತ್ರೆಗೆ ಹೋಗಬಹುದು. ಶಹಾಪುರ, ಸುರಪುರದ ಹಳ್ಳಿಗಳಿಂದ ಕಲಬುರಗಿ ಹತ್ತಿರವಲ್ಲ. ರಕ್ತ ನಿಂತು ಅರ್ಧ ತಾಸು ಆಗುವಷ್ಟರಲ್ಲಿ ಹೃದಯದ ಸ್ನಾಯು ಸಾಯಲು ಶುರುವಾಗುತ್ತದೆ. ಅದಕ್ಕೇ ಮೊದಲ ಇಸಿಜಿ ಹತ್ತಿರದಲ್ಲೇ ಆಗಬೇಕು.

ಇಷ್ಟನ್ನೂ ಕಾಕಾಗೆ ಹೇಳಿದೆ. ಡಬ್ಬಿಗೆ ರೊಕ್ಕ ಹಾಕಬೇಡಿ, ಬೇಳೆ ಉಣ್ಣಿರಿ, ಮಜ್ಜಿಗೆಗೆ ಉಪ್ಪು ಕಡಿಮೆ ಮಾಡಿರಿ, ಡಾಕ್ಟರು ಕೊಟ್ಟ ಗುಳಿಗೆ ತಪ್ಪಿಸಬೇಡಿ ಅಂದೆ. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಹಂಗಾರ ಅವತ್ತು ಮಜ್ಜಿಗಿ ಕುಡಿದದ್ದೇ ತಪ್ಪಾತೇನು?”

“ಮಜ್ಜಿಗಿದೇನೂ ತಪ್ಪಿಲ್ರಿ ಕಾಕಾ. ಕುಡಿದು ನಾವು ಕಾಯ್ಕೋತ ಕುಂತದ್ದು ತಪ್ಪಾತು.”

ನಿಮ್ಮ ಮನೆಯಲ್ಲೂ ಯಾರಾದರೂ ಎದೆ ಒತ್ತಿದಂತಾಗುತ್ತದೆ ಅಂದರೆ ಗ್ಯಾಸ್ ಅಂತ ನೀವೇ ತೀರ್ಮಾನ ಮಾಡಬೇಡಿ. 108ಕ್ಕೆ ಫೋನ್ ಮಾಡಿ. ಇನ್ನೊಂದು ಕೆಲಸ: ಮುಂದಿನ ಸಂತೆಗೆ ಹೋದಾಗ ತಾಲ್ಲೂಕು ಆಸ್ಪತ್ರೆಗೂ ಹೋಗಿ, ರಾತ್ರಿ ಇಸಿಜಿ ಮಾಡುತ್ತಾರೋ, ಆ ಇಂಜೆಕ್ಷನ್ ಇದೆಯೋ ಕೇಳಿಕೊಂಡು ಬನ್ನಿ. ನಾವು ಅವತ್ತಿಗೆ ಮುಂಚೆ ಕೇಳಿರಲಿಲ್ಲ.